ತಳದ ನೀರು

ಪಂಪಣ್ಣ ಬೆಳಿಗ್ಗೆ ಎದ್ದವನೇ ಕಟ್ಟಡದ ಗ್ರೂಪಿನಲ್ಲಿ ಒಂದು ನಿಜ ಹಾಕಿದ. ಅಲ್ಲಿಂದಲೇ ಶುರುವಾಯಿತು ಅವನ ಗ್ರಹಚಾರ.

ನಿಜ ಅಂದರೆ ಅಂಥ ಘನವಾದದ್ದೇನೂ ಅಲ್ಲ. "ಇವತ್ತು ತಾರಸಿ ಮೇಲಿನ ಟ್ಯಾಂಕು ತೊಳೆಯುವುದಿದೆ. ಹತ್ತು ಗಂಟೆಯಿಂದ ಸಂಜೆವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ. ದಯವಿಟ್ಟು ಮೊದಲೇ ಹಿಡಿದಿಟ್ಟುಕೊಳ್ಳಿ." ಇಷ್ಟೇ. ಬರೆದು ಕಳಿಸಿ, ಮೆಟ್ಟಿಲ ಮೇಲೆ ಕೂತು ಕಾದ. ಅವನ ಮಾತಿನ ಕೆಳಗೆ ಒಂದು ಗುಲಾಬಿ ಹೂವು ಬಂತು. ಆಮೇಲೆ ಒಂದು ಬೆಕ್ಕು ಪಿಯಾನೋ ನುಡಿಸಿತು. ಆಮೇಲೆ ಯಾರೋ ಶುಭದಿನ ಕೋರಿದರು, ಅವರಿಗೆ ಎಲ್ಲರೂ ತಿರುಗಿ ಶುಭದಿನ ಕೋರಿದರು. ಆ ಶುಭಾಶಯಗಳ ನೂಕುನುಗ್ಗಲಲ್ಲಿ ಪಂಪಣ್ಣನ ನಿಜ ಸಿಕ್ಕಿಹಾಕಿಕೊಂಡು ಮೇಲಕ್ಕೆ ಮೇಲಕ್ಕೆ ಹೋಗಿ ಕಣ್ಮರೆಯಾಯಿತು.

ಪಂಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆ ನಾಲ್ಕು ಮಹಡಿ ಕಟ್ಟಡದ ನೀರಿನ ಪಂಪು ಹಾಕುವವನು, ಆರಿಸುವವನು, ಟ್ಯಾಂಕು ತೊಳೆಯುವವನು ಅವನೇ ಆದ್ದರಿಂದ ಬಾಯಿಗೆ ಸುಲಭವಾಗಲೆಂದು ಎಲ್ಲರೂ ಹಾಗೆ ಕರೆಯುತ್ತಿದ್ದರು. ಮೆಟ್ಟಿಲ ಕೆಳಗಿನ ಕೋಣೆ ಆ ಕೆಲಸದ ಜೊತೆ ಬಂದದ್ದು. ಅದರಲ್ಲಿ ಅವನು, ಹೆಂಡತಿ, ಶಾಲೆಗೆ ಹೋಗುವ ಮಗಳು. ಕೆಲಸ ಹೋಯಿತೋ, ಕೋಣೆಯೂ ಹೋಯಿತು.

ಹೋಗುವ ಲಕ್ಷಣ ಕಾಣುತ್ತಲೂ ಇತ್ತು. ಹೋದ ಸಲ ಟ್ಯಾಂಕು ತೊಳೆದಾಗಲೂ ಹೀಗೆಯೇ ಗ್ರೂಪಿನಲ್ಲಿ ಹಾಕಿದ್ದ, ಹೀಗೆಯೇ ಯಾರೂ ಓದಿರಲಿಲ್ಲ. ಸಂಘದ ಕಾರ್ಯದರ್ಶಿ ಮೇಡಂ ತಲೆಗೆ ಬಣ್ಣ ಮೆತ್ತಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದರೆ, ಅದು ಬುಸ್ಸೆಂದು ಒಂದಿಷ್ಟು ಗಾಳಿ ಬಿಟ್ಟು ಸುಮ್ಮನಾಯಿತು. ನೀರು ಬರುವಷ್ಟರಲ್ಲಿ ಕಪ್ಪಗಾಗಬೇಕಿದ್ದ ಕೂದಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮೇಡಂ ತಲೆಗೆ ಬಟ್ಟೆ ಸುತ್ತಿಕೊಂಡೇ ಕೆಳಗಿಳಿದು ಬಂದು, "ಇನ್ನೊಂದು ಸಲ ಹೇಳದೆ ಕೇಳದೆ ನೀರು ನಿಲ್ಲಿಸಿದ್ರೆ ಈ ಕೋಣೆಗೆ ಬೇರೆಯೋನು ಬರ್ತಾನೆ" ಅಂದಿದ್ದರು. ಹೇಳಿದ್ದೆ ಎಂದು ಹೇಳಲು ಪಂಪಣ್ಣನಿಗೆ ಬಾಯಿ ಬರಲಿಲ್ಲ.

ಹಾಗಂತ ಟ್ಯಾಂಕು ತೊಳೆಯದೆ ಬಿಡುವಂತೆಯೂ ಇರಲಿಲ್ಲ. ಹಿಂದಿನ ದಿನ ಮುಚ್ಚಳ ಸರಿಸಿ ನೋಡಿದ್ದ. ಮನೆಗಳಿಗೆ ಹೋಗುವ ಕೊಳವೆ ತಳದಿಂದ ಒಂದು ಗೇಣು ಮೇಲಿದ್ದುದರಿಂದ ಇಷ್ಟು ದಿನ ನಲ್ಲಿಯಲ್ಲಿ ತಿಳಿನೀರೇ ಬರುತ್ತಿತ್ತು. ಆದರೆ ಕೆಳಗೆ ಹಸಿರು ಲೋಳೆ ಹಾಸಿಗೆಯ ಹಾಗೆ ಹಾಸಿಕೊಂಡಿತ್ತು. ಅದರಲ್ಲಿ ಪಾರಿವಾಳದ ಪುಕ್ಕಗಳು ಬೇರೆ. ಇನ್ನೊಂದು ವಾರ ಬಿಟ್ಟರೆ ಅದು ತಾನಾಗಿಯೇ ಮೆಟ್ಟಿಲಿಳಿದು ಬರುವ ಹಾಗಿತ್ತು.

ಅಷ್ಟರಲ್ಲಿ ಎರಡನೇ ಮಹಡಿಯ ಮೇಷ್ಟ್ರು ಪೇಪರು ತೆಗೆದುಕೊಳ್ಳಲು ಇಳಿದು ಬಂದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವರು. ಪಂಪಣ್ಣ ಎದ್ದು ನಿಂತು, "ಸಾರ್, ಗ್ರೂಪಲ್ಲಿ ನಾನು ಹಾಕಿದ್ದು ನೋಡಿದ್ರಾ?" ಎಂದ.

"ನೋಡ್ದೆ ನೋಡ್ದೆ. ತುಂಬಾ ಚೆನ್ನಾಗಿತ್ತು. ಹೀಗೇ ಹಾಕ್ತಾ ಇರು" ಎಂದು ಅವರು ಪೇಪರು ಬಿಡಿಸುತ್ತಾ ಹತ್ತಿ ಹೋದರು.

ಪಂಪಣ್ಣ ಸಪ್ಪೆ ಮುಖ ಹಾಕಿಕೊಂಡು ಕೋಣೆಯೊಳಗೆ ಬಂದ. ಹೆಂಡತಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಿಂತಿದ್ದಳು.

"ನೀನಾದ್ರೂ ಓದಿದ್ಯಾ ನಾನು ಹಾಕಿದ್ದು?"

"ಇಲ್ಲಪ್ಪ" ಎಂದಳು ಆಕೆ, ಮುಚ್ಚುಮರೆ ಇಲ್ಲದೆ.

"ಯಾಕೆ?"

"ಓದಿದ್ರೆ ನಂಗೇನು ಸಿಗುತ್ತೆ ಹೇಳಿ. ನೀರಿಲ್ಲ ಅಂತ ತಾನೇ? ಇಲ್ಲ ಅನ್ನೋದನ್ನ ಯಾರಾದ್ರೂ ಆಸೆಪಟ್ಟು ಓದ್ತಾರಾ? ಓದಿದೋರಿಗೆ ಏನಾದ್ರೂ ಸಿಗ್ಬೇಕು ರೀ. ಸಿಕ್ಕಿದ್ದನ್ನ ತಮ್ಮೋರಿಗೆ ಕೊಡೋ ಹಾಗಿರ್ಬೇಕು. ನಮ್ಮಕ್ಕ ದಿನಾ ಕಳಿಸ್ತಾಳಲ್ಲ, ನೋಡಿ. ಕಿಟಕೀಲಿ ಈರುಳ್ಳಿ ಇಟ್ರೆ ನೆಗಡಿ ಒಳಗೆ ಬರಲ್ವಂತೆ. ಇಟ್ಟಿದೀನಿ."

ಕಿಟಕಿಯಲ್ಲಿ ಈರುಳ್ಳಿ ಇತ್ತು. ಪಂಪಣ್ಣ ಮೂಗು ಒರೆಸಿಕೊಂಡ. ಅವನಿಗೆ ನಾಲ್ಕು ದಿನದಿಂದ ನೆಗಡಿ.

"ಮತ್ತೆ ಇನ್ನೊಂದು" ಎಂದಳು ಹೆಂಡತಿ. "ನೀವು ಹಾಕಿದ್ರೆ ಯಾರು ನಂಬ್ತಾರೆ? ಹಿತ್ತಲ ಗಿಡ ಮದ್ದಲ್ಲ. ದೂರದಿಂದ ಬರ್ಬೇಕು."

ಈ ಮಾತು ಪಂಪಣ್ಣನ ತಲೆಗೆ ಹೊಕ್ಕಿತು. ಮೇಡಂ ಒಬ್ಬರು ಒಂದು ಬಕೆಟ್ಟು ನೀರು ಹಿಡಿದಿಟ್ಟುಕೊಂಡರೆ ತನ್ನ ಕೆಲಸ ಉಳಿಯುತ್ತದೆ. ಅದಕ್ಕೆ ಒಂದು ಚಿಕ್ಕ ಸುಳ್ಳು ಹೇಳಿದರೆ ಯಾರಿಗೇನು ನಷ್ಟ? ಗಂಡಹೆಂಡಿರಿಬ್ಬರೂ ತಲೆಗೆ ತಲೆ ಕೊಟ್ಟು ಕೂತರು. ಹೆಂಡತಿ ಹೇಳಿದಳು, ಇವನು ಒತ್ತಿದ.

"ತಪ್ಪದೆ ಓದಿ. ಇಂದು ಬೆಳಿಗ್ಗೆ ಹತ್ತು ಗಂಟೆಯವರೆಗೆ ಮಾತ್ರ ಎತ್ತರದ ಟ್ಯಾಂಕುಗಳ ನೀರಿಗೆ ಆಕಾಶದಿಂದ ಅಪರೂಪದ ಕಿರಣಗಳು ತಾಗುತ್ತವೆ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ. ಈ ನೀರನ್ನು ಬಳಸಿದರೆ ಮಂಡಿ ನೋವು, ಸೊಂಟ ನೋವು ಮಾಯ. ಮನೆಯಲ್ಲಿರುವ ಪಾತ್ರೆಗಳಲ್ಲೆಲ್ಲ ತುಂಬಿಡಿ. ಹತ್ತರ ಮೇಲೆ ಸಿಗುವುದಿಲ್ಲ. ನಿಮ್ಮ ಪ್ರೀತಿಪಾತ್ರರಿಗೆ ಇಂದೇ ಕಳಿಸಿ."

"ಹತ್ತರ ಮೇಲೆ ಸಿಗಲ್ಲ ಅನ್ನೋದಂತೂ ನಿಜ" ಎಂದು ಪಂಪಣ್ಣ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹೆಂಡತಿ ಅದನ್ನು ದೂರದ ಊರಿನಲ್ಲಿದ್ದ ಅವಳ ಅಕ್ಕನಿಗೆ ಕಳಿಸಿದಳು. ಆ ಅಕ್ಕ ಸಾಮಾನ್ಯ ಹೆಂಗಸಲ್ಲ. ಎಷ್ಟು ಗ್ರೂಪಿನಲ್ಲಿದ್ದಾಳೆ ಎಂದು ಅವಳಿಗೇ ಲೆಕ್ಕವಿರಲಿಲ್ಲ. ಮನೆಗೆ ಬಂದ ನೆಂಟರನ್ನಾದರೂ ಬಾಗಿಲಲ್ಲಿ ಕಾಯಿಸಿಯಾಳು, ಫೋನಿಗೆ ಬಂದ ಮಾತನ್ನು ಒಂದು ಗಳಿಗೆಯೂ ಕಾಯಿಸಿದವಳಲ್ಲ.

ಪಂಪಣ್ಣ ಪಂಪು ಹಾಕಿ, ಬಂದು ಕಾಫಿ ಕುಡಿದು, ಮಗಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದ. ಮತ್ತೆ ಮೆಟ್ಟಿಲ ಬಳಿ ಬಂದರೆ, ಗೋಡೆಯೊಳಗಿಂದ ಏನೋ ಸದ್ದು. ಮೊದಲು ಒಂದು ಕೊಳವೆ ಗುಂಯ್ ಅಂದಿತು. ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತಿದ್ದಂತೆ ನಾಲ್ಕೂ ಮಹಡಿಯ ಕೊಳವೆಗಳು ಒಟ್ಟಿಗೆ ಹಾಡತೊಡಗಿದವು. ಎಲ್ಲ ಮನೆಯಲ್ಲೂ ಎಲ್ಲ ನಲ್ಲಿಗಳೂ ಒಂದೇ ಸಲ ತೆರೆದಿದ್ದವು. ಅಷ್ಟು ವರ್ಷ ಆ ಕಟ್ಟಡದ ನೀರು ನೋಡಿಕೊಂಡ ಪಂಪಣ್ಣ ಅಂಥ ಸದ್ದು ಕೇಳಿರಲಿಲ್ಲ. ಗೋಡೆಗೆ ಅಂಗೈ ಇಟ್ಟ. ಗೋಡೆ ನಡುಗುತ್ತಿತ್ತು. ತಾನು ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ತನ್ನ ಮಾತು ಎಲ್ಲೆಲ್ಲೋ ಸುತ್ತಿ, ಎಷ್ಟೋ ಜನರ ಅಂಗೈ ದಾಟಿ, ಮತ್ತೆ ಇದೇ ಮನೆಗಳಿಗೆ ಬಂದು ನಲ್ಲಿ ತಿರುಗಿಸಿತಲ್ಲ ಎಂದು ಅವನಿಗೆ ಮೈ ಜುಮ್ಮೆಂದಿತು.

ಕಾರ್ಯದರ್ಶಿ ಮೇಡಂ ದಡದಡ ಇಳಿದು ಬಂದರು. ತೋಳೆಲ್ಲ ಒದ್ದೆ. "ಪಂಪಣ್ಣ, ನೀನು ನೀರು ತುಂಬಿಟ್ಕೊಂಡ್ಯಾ?"

"ನೀರಾ ಮೇಡಂ?"

"ಅದೇ ನೋಡು. ಇಡೀ ಊರಿಗೇ ಗೊತ್ತಿದೆ, ನೀರಿನ ಕೆಲಸದೋನಿಗೆ ಗೊತ್ತಿಲ್ಲ. ಗ್ರೂಪಲ್ಲಿ ಬರೋದನ್ನ ಸ್ವಲ್ಪ ಓದೋ ಅಭ್ಯಾಸ ಮಾಡ್ಕೋ. ಹತ್ತರ ಮೇಲೆ ಸಿಗಲ್ಲ. ನಾನು ಹೂದಾನಿ ಸಮೇತ ತುಂಬಿಟ್ಟಿದೀನಿ."

"ಅದು ನಿಜಾನಾ ಮೇಡಂ?" ಎಂದು ಪಂಪಣ್ಣ ಸುಮ್ಮನೆ ಕೇಳಿದ.

"ನಮ್ಮ ನಾದಿನಿ ಕಳಿಸಿದ್ದು. ಅವಳ ಗಂಡ ದೊಡ್ಡ ಆಸ್ಪತ್ರೇಲಿದಾನೆ."

"ಡಾಕ್ಟ್ರಾ?"

"ಅಕೌಂಟ್ಸಲ್ಲಿ. ಆದ್ರೂ ಆಸ್ಪತ್ರೆ ಆಸ್ಪತ್ರೇನೇ ಅಲ್ವಾ? ಅದೂ ಅಲ್ದೆ ಮೇಷ್ಟ್ರಿಗೆ ಅವರ ಸ್ಟೂಡೆಂಟಿಂದ ಬಂದಿದೆ, ನಾಲ್ಕನೇ ಮಹಡಿ ಅಜ್ಜಿಗೆ ಅವರ ತಂಗಿಯಿಂದ ಬಂದಿದೆ. ಮೂರು ಕಡೆಯಿಂದ ಒಂದೇ ಮಾತು ಬರ್ಬೇಕಾದ್ರೆ ಸುಳ್ಳಾಗಿರುತ್ತಾ?"

ಮೂರು ಕಡೆಯ ಮಾತೂ ಹುಟ್ಟಿದ್ದು ಮೇಡಂ ನಿಂತಿದ್ದ ಜಾಗದಿಂದ ಎರಡು ಮಾರು ದೂರದ ಒಲೆಯ ಪಕ್ಕದಲ್ಲಿ. ಪಂಪಣ್ಣ ನಗು ನುಂಗಿಕೊಂಡು, "ಇಲ್ಲ ಮೇಡಂ" ಎಂದ. ಕೆಲಸ ಉಳಿಯಿತು ಎಂದುಕೊಂಡ. ಒಳಗೆ ಹೋಗಿ ಹೆಂಡತಿಗೆ, "ನೀನು ಸಾಮಾನ್ಯಳಲ್ಲ ಕಣೇ" ಎಂದು ಹೇಳಿ, ಪೊರಕೆ, ಬ್ರಷ್ಷು, ಬಕೆಟ್ಟು ಎತ್ತಿಕೊಂಡು ಹತ್ತು ಗಂಟೆಗೆ ಸರಿಯಾಗಿ ತಾರಸಿಗೆ ಹೊರಟ.

ತಾರಸಿಯ ಬಾಗಿಲು ತೆರೆದವನು ಅಲ್ಲೇ ನಿಂತ. ಇಡೀ ಕಟ್ಟಡ ಅಲ್ಲಿತ್ತು. ಚೊಂಬು, ಜಗ್ಗು, ಬಾಟಲಿ, ಮಕ್ಕಳ ನೀರಿನ ಡಬ್ಬಿ, ಏನು ಸಿಕ್ಕಿತೋ ಅದನ್ನು ಹಿಡಿದು ಜನ ಟ್ಯಾಂಕಿನ ಸುತ್ತ ನಿಂತಿದ್ದರು. ಯಾರೂ ಗದ್ದಲ ಮಾಡುತ್ತಿರಲಿಲ್ಲ. ಪಾರ್ಕಿಂಗ್ ಜಾಗಕ್ಕಾಗಿ ದಿನಾ ಬೈದಾಡುವ ಇಬ್ಬರು ಒಂದೇ ಕೊಡದ ಎರಡು ಕಡೆ ಹಿಡಿದು ನಿಂತಿದ್ದರು. ಸಂಘದ ಸಭೆಗೆ ಕರೆದರೆ ನಾಲ್ಕು ಜನ ಸೇರದ ಕಟ್ಟಡ ಅದು. ಅಂಥದ್ದು ಹೀಗೆ ಒಟ್ಟಾಗಿ, ಬಿಸಿಲಿನಲ್ಲಿ, ಮಾತಿಲ್ಲದೆ ನಿಂತದ್ದನ್ನು ಕಂಡು ಪಂಪಣ್ಣ ತನಗರಿವಿಲ್ಲದೆ ಕಾಲಿನ ಚಪ್ಪಲಿ ಬಿಟ್ಟ.

"ಏನು ಸಾರ್ ಇದು?" ಎಂದು ಮೇಷ್ಟ್ರನ್ನು ಮೆಲ್ಲಗೆ ಕೇಳಿದ.

"ಹೊಸದು ಬಂದಿದೆ" ಎಂದು ಮೇಷ್ಟ್ರು ಫೋನು ತೋರಿಸಿದರು. ಪಂಪಣ್ಣ ಬರೆದದ್ದೇ. ಆದರೆ ಬೆಳಿಗ್ಗೆ ಶಾಲೆಗೆ ಹೋದ ಮಗು ಮಧ್ಯಾಹ್ನ ಮೀಸೆ ಬೆಳೆಸಿಕೊಂಡು ಬಂದ ಹಾಗಿತ್ತು. ಬಿಳಿ ಕೋಟು ಹಾಕಿದ ಒಬ್ಬ ಗಡ್ಡದವರ ಚಿತ್ರ ಸೇರಿಕೊಂಡಿತ್ತು, ಅವರು ವಿದೇಶದ ಪ್ರೊಫೆಸರಂತೆ. ಕೆಳಗೆ ಹೊಸ ಸಾಲುಗಳು: "ಹತ್ತರೊಳಗೆ ತಾಗಿದ ಕಿರಣಗಳ ಶಕ್ತಿ ಭಾರವಾದ್ದರಿಂದ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ತಳದ ನೀರು ಹಸಿರಾಗಿ ಕಾಣುವುದೇ ಗುರುತು. ಒಂದು ಲೋಟ ಕುಡಿದರೆ ಸಾಕು."

ಹಸಿರನ್ನು ಯಾರು ಸೇರಿಸಿದರೋ. ದಾರಿಯಲ್ಲಿ ಯಾವನೋ ಒಬ್ಬ ತನ್ನ ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಬೇಕು. ಅವನ ಟ್ಯಾಂಕನ್ನೂ ವರ್ಷಗಟ್ಟಲೆ ಯಾರೂ ತೊಳೆದಿರಲಾರರು. ಓದಿದವರೆಲ್ಲ ತಮ್ಮ ತಮ್ಮ ಟ್ಯಾಂಕು ಇಣುಕಿದ್ದಾರೆ, ಎಲ್ಲೆಲ್ಲೂ ಹಸಿರೇ ಕಂಡಿದೆ. ಇನ್ನೇನು ಸಾಕ್ಷಿ ಬೇಕು ಈ ಲೋಕಕ್ಕೆ?

"ಸಾರ್, ನೀವು ಓದಿದೋರು. ನೀವೂ ನಂಬ್ತೀರಾ?"

"ಛೆ ಛೆ, ನಾನು ನಂಬಲ್ಲಪ್ಪ" ಎಂದರು ಮೇಷ್ಟ್ರು. ಅವರ ಕೈಯಲ್ಲಿದ್ದ ಜಗ್ಗು ಎಲ್ಲರದಕ್ಕಿಂತ ದೊಡ್ಡದಿತ್ತು. "ನಂಬೋರಿಗೆ ಅನುಕೂಲ ಆಗ್ಲಿ ಅಂತ ನಾಲ್ಕು ಜನಕ್ಕೆ ಕಳಿಸ್ದೆ ಅಷ್ಟೆ. ನಿಜ ಆದ್ರೆ ಒಳ್ಳೇದಾಯ್ತು, ಸುಳ್ಳಾದ್ರೆ ನಂದೇನು ಹೋಯ್ತು? ಆದ್ರೂ ಭಾರ ಇರೋದು ತಳಕ್ಕೆ ಇಳಿಯುತ್ತೆ ಅನ್ನೋದರಲ್ಲಿ ತಪ್ಪೇನಿಲ್ಲ ನೋಡು."

ಎಂದವರೇ ಟ್ಯಾಂಕಿನ ಬುಡದಲ್ಲಿದ್ದ, ಕೊಳೆ ತೆಗೆಯುವ ನಲ್ಲಿಯನ್ನು ತಿರುಗಿಸಿದರು. ಅದು ಎರಡು ಸಲ ಕೆಮ್ಮಿತು. ಆಮೇಲೆ ಹಸಿರು ನೀರು ಸುರಿಯಿತು. ಅಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಬಿಸಿಲು ಬಿದ್ದು ಆ ನೀರು ನಿಜವಾಗಿಯೂ ಪಚ್ಚೆಯ ಹಾಗೆ ಹೊಳೆಯಿತು. ಅದರೊಳಗೆ ಇರುವುದೇನೆಂದು ಚೆನ್ನಾಗಿ ಗೊತ್ತಿದ್ದ ಪಂಪಣ್ಣನ ಕೈ ಕೂಡ ಒಂದು ಗಳಿಗೆ ಮುಗಿಯಲು ಹೊರಟಿತು. ಮರುಗಳಿಗೆ ಅವನು ಕೈ ಹಿಂದಕ್ಕೆಳೆದುಕೊಂಡ. ಇದನ್ನು ಕುಡಿದರೆ ಇವತ್ತು ರಾತ್ರಿಗೆ ಇಡೀ ಕಟ್ಟಡ ಹಾಸಿಗೆ ಹಿಡಿಯುತ್ತದೆ. ನೀರಿನವನು ಯಾರು ಎಂದು ಕೇಳುತ್ತಾರೆ. ಆಗ ಕೋಣೆಯ ಮಾತು ಹಾಗಿರಲಿ, ಪೊಲೀಸ್ ಠಾಣೆಯ ಕೋಣೆಯೇ ಗತಿ.

"ಯಾರೂ ಕುಡೀಬೇಡಿ" ಎಂದು ಪಂಪಣ್ಣ ನಲ್ಲಿಗೆ ಅಡ್ಡ ನಿಂತ. "ಅದು ಪಾಚಿ. ಪಾರಿವಾಳದ ಗಲೀಜು. ನಾನು ನೋಡಿದೀನಿ."

"ಹಸಿರಾಗಿರುತ್ತೆ ಅಂತ ಅದರಲ್ಲೇ ಬರೆದಿದೆಯಲ್ಲ" ಎಂದಿತು ಒಂದು ಕೊಡ.

"ಆ ಸಂದೇಶ ಮೊದಲು ಬರೆದಿದ್ದೇ ನಾನು. ಮೇಡಂಗೆ ನೀರು ನಿಲ್ಲೋದು ಗೊತ್ತಾಗ್ಲಿ ಅಂತ ಬೆಳಿಗ್ಗೆ ನಾನು, ನನ್ನ ಹೆಂಡತಿ ಕೂತು ಬರೆದ್ವಿ. ಆ ಪ್ರೊಫೆಸರು ಯಾರೂ ಇಲ್ಲ."

ಎಲ್ಲರೂ ಒಟ್ಟಿಗೆ ನಕ್ಕರು. ಕಾರ್ಯದರ್ಶಿ ಮೇಡಂ ಕಣ್ಣೊರೆಸಿಕೊಂಡು, "ನೀನು ಬರೆಯೋದು ನಮಗೆ ಗೊತ್ತಿಲ್ವಾ ಪಂಪಣ್ಣ? ನೀರು ಬರಲ್ಲ, ದಯವಿಟ್ಟು, ಇಷ್ಟೇ ತಾನೇ ನಿನಗೆ ಬರೋದು" ಎಂದರು.

"ಬೇಕಾದ್ರೆ ನನ್ನ ಹೆಂಡತೀನ ಕೇಳಿ" ಎಂದು ಪಂಪಣ್ಣ ತಿರುಗಿದ. ಹೆಂಡತಿ ಸಾಲಿನಲ್ಲೇ ನಿಂತಿದ್ದಳು, ಮನೆಯ ದೊಡ್ಡ ಕೊಡ ಸೊಂಟದಲ್ಲಿಟ್ಟುಕೊಂಡು.

"ಲೇ, ನೀನ್ಯಾಕೆ ಬಂದೆ?"

ಆಕೆ ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ ಕಿವಿಯಲ್ಲಿ ಹೇಳಿದಳು. "ರೀ, ನಾವು ಬರೆದಿದ್ದು ಬೇರೆ, ಇದು ಬೇರೆ. ಇದರಲ್ಲಿ ಫೋಟೋ ಇದೆ. ನಾವು ಸುಮ್ನೆ ಬರೆದಿದ್ದೇ ನಿಜ ಆಗ್ಬಿಟ್ಟಿದೆ ನೋಡಿ. ಅಕ್ಕನೇ ಫೋನ್ ಮಾಡಿ ಹೇಳಿದ್ಲು, ಅವಳ ಬೆನ್ನು ನೋವು ಹೋಯ್ತಂತೆ."

ಪಂಪಣ್ಣ ಅವಳ ಸೊಂಟದ ಮೇಲಿನ ಕೊಡ ನೋಡಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಕಂಡಿದ್ದ. ಎತ್ತು ಈಯಿತೆಂದು ಸುಳ್ಳು ಹೇಳಿದವಳೇ ಗಿಣ್ಣಿಗೆ ಪಾತ್ರೆ ತಂದದ್ದನ್ನು ಈಗ ಕಂಡ.

"ಸುಮ್ನೆ ಬಾಯಲ್ಲಿ ಹೇಳಿದ್ರೆ ಹೇಗಪ್ಪ?" ಎಂದರು ಮೇಷ್ಟ್ರು. "ಗ್ರೂಪಲ್ಲಿ ಹಾಕು. ನಾಲ್ಕು ಜನ ನೋಡ್ಲಿ." ಪಂಪಣ್ಣ ಅದನ್ನೂ ಹಾಕಿದ: "ಬೆಳಗಿನ ಸಂದೇಶ ಸುಳ್ಳು. ಬರೆದವನು ನಾನೇ. ತಳದ ನೀರು ಕೊಳಕು. ಯಾರೂ ಕುಡಿಯಬೇಡಿ." ಮೇಷ್ಟ್ರು ಅಲ್ಲೇ ನಿಂತು ಅದನ್ನು ಓದಿ, "ಆಧಾರ ಇಲ್ಲದೆ ಏನನ್ನೂ ಹಾಕಬಾರದು" ಎಂದು ಅದರ ಕೆಳಗೆ ಬರೆದರು.

ಆ ಹೊತ್ತಿಗೆ ತಾರಸಿಯ ಬಾಗಿಲಲ್ಲಿ ನಾಲ್ಕನೇ ಮಹಡಿಯ ಅಜ್ಜಿ ಕಾಣಿಸಿಕೊಂಡರು. ಮಂಡಿ ನೋವೆಂದು ಮನೆಯ ಹೊಸ್ತಿಲು ದಾಟಿ ಎಷ್ಟೋ ವರ್ಷವಾಗಿತ್ತು. ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದರು. ಕೈಯಲ್ಲಿ ಒಂದು ಪುಟ್ಟ ಬೆಳ್ಳಿ ಲೋಟ. ಬಾಗಿಲಲ್ಲಿ ನಿಂತು ಅವರು ಟ್ಯಾಂಕನ್ನು ನೋಡಲಿಲ್ಲ, ಜನರನ್ನೂ ನೋಡಲಿಲ್ಲ. ತಲೆ ಎತ್ತಿ ಆಕಾಶ ನೋಡಿದರು.

"ಇಷ್ಟು ದೊಡ್ಡದಿತ್ತಾ ಇದು" ಎಂದರು.

ಜನ ದಾರಿ ಬಿಟ್ಟರು. ಪಂಪಣ್ಣ ಓಡಿ ಹೋಗಿ ಅವರ ಕೈ ಹಿಡಿದುಕೊಂಡ. "ಅಜ್ಜಿ, ನೀವಾದ್ರೂ ನನ್ನ ಮಾತು ಕೇಳಿ. ಇದು ಕುಡಿಯೋ ನೀರಲ್ಲ. ಆ ಸುಳ್ಳು ಬರೆದೋನು ನಾನೇ."

ಅಜ್ಜಿ ಅವನ ಮುಖ ನೋಡಿದರು. "ಮಗಾ, ನನಗೂ ನನ್ನ ತಂಗಿಗೂ ಮಾತಿಲ್ಲ. ಅಮ್ಮನ ಬಳೆ ವಿಷಯಕ್ಕೆ ಮಾತು ಬಿಟ್ಟೋರು, ಅವಳೂ ಮುದುಕಿ ಆದ್ಲು, ನಾನೂ ಮುದುಕಿ ಆದೆ. ಇವತ್ತು ಬೆಳಿಗ್ಗೆ ಅವಳೇ ಕಳಿಸಿದಾಳೆ. ಅಕ್ಕಾ, ನಿನ್ನ ಮಂಡಿಗೆ ಒಳ್ಳೇದು, ತಪ್ಪದೆ ಕುಡಿ ಅಂತ. ನನ್ನ ಮಂಡಿ ನೋವು ಅವಳಿಗೆ ನೆನಪಿದೆ. ಈಗ ನೀನು ಬಂದು ಸುಳ್ಳು ಅಂತೀಯ. ನಾನು ನಿನ್ನನ್ನ ನಂಬ್ಲಾ, ನನ್ನ ತಂಗೀನ ನಂಬ್ಲಾ?"

ಪಂಪಣ್ಣ ಅವರ ಕೈಯಲ್ಲಿದ್ದ ಬೆಳ್ಳಿ ಲೋಟ ನೋಡಿದ. ತಾನು ಒಲೆಯ ಪಕ್ಕ ಕೂತು ಒತ್ತಿದ ನಾಲ್ಕು ಸಾಲಿನ ಬೆನ್ನ ಮೇಲೆ ಜನ ಏನೇನು ಹೊರಿಸಿ ಕಳಿಸಿದ್ದರು. ಸುಳ್ಳು ತನ್ನದು, ಸರಿ. ಅದರ ಜೊತೆ ಬಂದ ಪ್ರೀತಿ ಮಾತ್ರ ಸುಳ್ಳಲ್ಲವಲ್ಲ. ಇದನ್ನು ಯಾವ ನಿಜ ಎದುರಿಸೀತು ಎಂದು ಅವನು ಬೆರಗಾಗಿ ನಿಂತ.

ಆದರೆ ಮೇಷ್ಟ್ರು ಅಷ್ಟರಲ್ಲಿ ಅಜ್ಜಿಯ ಲೋಟ ತುಂಬಿಸಿ ಕೊಟ್ಟಿದ್ದರು. ಎಲ್ಲರ ಪಾತ್ರೆಗಳೂ ತುಂಬುತ್ತಿದ್ದವು. ಪಂಪಣ್ಣನಿಗೆ ಇದ್ದ ದಾರಿ ಒಂದೇ.

"ಸಾರ್" ಎಂದ, ಬಹಳ ವಿನಯದಿಂದ. "ಇದನ್ನ ನಿಂತು ಕುಡೀಬೇಕೋ, ಕೂತು ಕುಡೀಬೇಕೋ?"

ಮೇಷ್ಟ್ರು ಫೋನು ತೆಗೆದು ನೋಡಿದರು. ಅದರಲ್ಲಿ ಬರೆದಿರಲಿಲ್ಲ. ಕೂತೇ ಕುಡಿಯಬೇಕು ಎಂದರು ಮೇಡಂ. ಶಕ್ತಿ ಭಾರವಾದ್ದರಿಂದ ನಿಂತರೆ ಕಾಲಿಗೆ ಇಳಿದುಬಿಡುತ್ತದೆ ಎಂದು ಒಬ್ಬರು. ನೋವಿರುವುದು ಮಂಡಿಯಲ್ಲಿ ತಾನೇ, ಇಳಿದರೆ ಒಳ್ಳೆಯದಲ್ಲವೇ ಎಂದು ಇನ್ನೊಬ್ಬರು. ಅಲ್ಲಿಂದ ಯಾವ ದಿಕ್ಕಿಗೆ ಮುಖ ಮಾಡಬೇಕು ಎಂಬ ಪ್ರಶ್ನೆ ಎದ್ದಿತು. ಪಾರ್ಕಿಂಗಿನವರಿಬ್ಬರೂ ಕೊಡ ಕೆಳಗಿಟ್ಟು, ಎದುರು ಬದುರಾದರು.

ಆ ಗದ್ದಲದಲ್ಲಿ ಪಂಪಣ್ಣ ಹೆಂಡತಿಯ ಫೋನು ಕಿತ್ತುಕೊಂಡು ನೀರಿನ ಕೊಳವೆಗಳ ಹಿಂದೆ ಕೂತ. ನಿಜ ಬರೆದು ಎರಡು ಸಲ ಸೋತಿದ್ದ. ಈ ಸಲ ಬೆರಳು ತಾನಾಗಿಯೇ ಓಡಿತು. "ಎಚ್ಚರಿಕೆ. ತಳದ ಹಸಿರು ನೀರನ್ನು ಕುಡಿಯಬೇಡಿ. ಕುಡಿದವರ ತಲೆಕೂದಲು ಬುಡಸಮೇತ ಉದುರುತ್ತಿದೆ. ಇದು ಗಿಡಗಳಿಗೆ ಮಾತ್ರ ಅಮೃತ. ನಿಮ್ಮವರನ್ನು ಈಗಲೇ ಉಳಿಸಿಕೊಳ್ಳಿ." ಹೆಂಡತಿಯ ಅಕ್ಕನಿಗೆ ಕಳಿಸಿದ. ಕಣ್ಣು ಮುಚ್ಚಿ ಕೂತ.

ಪೂರ್ವವೋ ಪಶ್ಚಿಮವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ, ಮೊದಲು ಮೇಡಂ ಫೋನು ಟಿಣ್ ಅಂದಿತು. ಆಮೇಲೆ ಮೇಷ್ಟ್ರದು. ಆಮೇಲೆ ತಾರಸಿಯ ತುಂಬ ಟಿಣ್ ಟಿಣ್. ಮೇಡಂ ಓದಿದರು. ಅವರ ಕೈ ತಲೆಗೆ ಹೋಯಿತು. ಲೋಟಗಳೆಲ್ಲ ಒಂದೊಂದಾಗಿ ಕೆಳಗಿಳಿದವು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಪಾತ್ರೆ ಎತ್ತಿಕೊಂಡು ಹೋಗಿ ಹೂಕುಂಡಗಳಿಗೆ ಸುರಿದರು.

"ನಾನು ಮೊದಲೇ ನಂಬಿರಲಿಲ್ಲ" ಎಂದರು ಮೇಷ್ಟ್ರು.

ಅಜ್ಜಿಯ ಫೋನು ಮಾತ್ರ ಟಿಣ್ ಅನ್ನಲಿಲ್ಲ. ಅದು ಗಂಟೆ ಬಾರಿಸಿತು. ಅಜ್ಜಿ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಒಂದು ಮುದಿ ದನಿ, "ಅಕ್ಕಾ, ಕುಡಿದುಬಿಟ್ಯಾ? ಕುಡೀಬೇಡ್ವೇ" ಎಂದು ಅಳುತ್ತಿದ್ದುದು ಪಕ್ಕದಲ್ಲಿದ್ದ ಪಂಪಣ್ಣನಿಗೂ ಕೇಳಿಸಿತು. ಅಜ್ಜಿ ಲೋಟ ಚೆಲ್ಲಿ ಅಲ್ಲೇ ಕಟ್ಟೆಯ ಮೇಲೆ ಕೂತರು. "ಕುಡಿದಿಲ್ಲ ಕಣೇ. ನೀನು ಚೆನ್ನಾಗಿದೀಯಾ?" ಎಂದರು. ಪಂಪಣ್ಣ ಅವರಿಗೆ ನೆರಳಾಗುವಂತೆ ಅಡ್ಡ ನಿಂತುಕೊಂಡ. ಅವರು ಬಹಳ ಹೊತ್ತು ಮಾತಾಡಿದರು.

ಆಮೇಲೆ ತಾರಸಿ ಖಾಲಿಯಾಯಿತು. ಪಂಪಣ್ಣ ಟ್ಯಾಂಕಿಗಿಳಿದು, ಲೋಳೆ ಬಳಿದು, ಗೋಡೆ ಉಜ್ಜಿ, ಎರಡು ಸಲ ತೊಳೆದು, ಹೊಸ ನೀರು ತುಂಬಿಸುವ ಹೊತ್ತಿಗೆ ಸಂಜೆಯಾಯಿತು. ಯಾರ ಮನೆಯಲ್ಲೂ ನೀರಿಗೆ ತತ್ವಾರವಾಗಿರಲಿಲ್ಲ. ಯಾರ ಹೊಟ್ಟೆಯೂ ಕೆಟ್ಟಿರಲಿಲ್ಲ. ಮೈಯೆಲ್ಲ ಹಸಿರು ಮೆತ್ತಿಕೊಂಡು ಕೆಳಗಿಳಿಯುತ್ತಿದ್ದಾಗ ಮೇಡಂ ಬಾಗಿಲಲ್ಲೇ ನಿಂತು ಒಳಗೆ ಕರೆದರು. ಮೇಷ್ಟ್ರೂ ಅಲ್ಲಿದ್ದರು. ಹೊಗಳುತ್ತಾರೇನೋ ಎಂದುಕೊಂಡು ಪಂಪಣ್ಣ ಕಾಲೊರಸಿನ ಮೇಲೆ ನಿಂತ.

"ನೋಡು ಪಂಪಣ್ಣ" ಎಂದರು ಮೇಡಂ. "ನೀನು ಗ್ರೂಪಲ್ಲಿ ಸುಳ್ಳು ಸುದ್ದಿ ಹಾಕಿದೀಯ."

ಪಂಪಣ್ಣ ತಲೆ ತಗ್ಗಿಸಿದ. "ತಪ್ಪಾಯ್ತು ಮೇಡಂ. ಕಿರಣ ಅಂತೆಲ್ಲ ಬರೀಬಾರದಿತ್ತು."

"ಅದಲ್ಲ. ಅದನ್ನ ನೀನು ಬರೆದೆ ಅಂತ ಹಾಕಿದೀಯಲ್ಲ, ಅದು. ಪ್ರೊಫೆಸರು ಹೇಳಿದ್ದನ್ನ ನಾನು ಹೇಳ್ದೆ ಅಂದ್ರೆ ಹೇಗೆ? ಅದೂ ಅಲ್ದೆ ನಮ್ಮ ಟ್ಯಾಂಕು ಕೊಳಕು ಅಂತ ಬೇರೆ ಬರೆದಿದೀಯ. ಮನೆ ನೋಡೋಕೆ ಬರೋರು ಏನಂದ್ಕೋತಾರೆ?"

"ಮೇಡಂ, ಇವತ್ತು ಬಂದಿದ್ದರಲ್ಲಿ ಅದೊಂದೇ ನಿಜ. ಬೆಳಿಗ್ಗೆ ಕುಡೀರಿ ಅಂತ ಬಂತು, ಮಧ್ಯಾಹ್ನ ಕುಡೀಬೇಡಿ ಅಂತ ಬಂತು. ಎರಡೂ ಹೇಗೆ ನಿಜ ಆಗುತ್ತೆ ನೀವೇ ಹೇಳಿ."

"ವಿಜ್ಞಾನ ಮುಂದುವರೀತಾ ಇರುತ್ತಪ್ಪ" ಎಂದರು ಮೇಷ್ಟ್ರು.

ಮೇಡಂ ಕೆಟ್ಟವರೇನಲ್ಲ. ಅವನ ಮೈ ಮೇಲಿನ ಹಸಿರು ನೋಡಿ ಅವರಿಗೂ ಮರುಕ ಹುಟ್ಟಿತು. "ಎಲ್ಲರೂ ನಿನ್ನನ್ನ ಕೆಲಸದಿಂದ ಬಿಡಿಸಿ ಅಂತಿದಾರೆ. ನಾನೇ ತಡೆದಿದೀನಿ. ಒಂದು ಕ್ಷಮೆ ಕೇಳಿಬಿಡು, ಅಲ್ಲಿಗೆ ಮುಗೀತು" ಎಂದರು. ನಿಜ ಹೇಳಿ ಕೋಣೆ ಕಳೆದುಕೊಳ್ಳುವುದೋ, ಸುಳ್ಳು ಹೇಳಿ ಉಳಿಸಿಕೊಳ್ಳುವುದೋ. ಮಗಳು ಈಗ ಶಾಲೆಯಿಂದ ಬಂದು ಕೆಳಗೆ ಪಾಠ ಬರೆಯುತ್ತಿರುತ್ತಾಳೆ ಎಂದು ಪಂಪಣ್ಣನಿಗೆ ನೆನಪಾಯಿತು. ಮೇಷ್ಟ್ರು ಹೇಳಿಕೊಟ್ಟಂತೆ ಒತ್ತಿದ: "ಸಂದೇಶ ಬರೆದವನು ನಾನೇ ಎಂದು ಹೇಳಿದ್ದು ಸುಳ್ಳು. ನನ್ನಿಂದ ತಪ್ಪಾಗಿದೆ. ಕ್ಷಮಿಸಿ."

"ಬರೀ ಬರಹ ಆದ್ರೆ ಯಾರೂ ನೋಡಲ್ಲ. ಕೈ ಮುಗಿ" ಎಂದು ಮೇಡಂ ತಮ್ಮ ಫೋನಿನಲ್ಲೇ ಅವನ ಫೋಟೋ ತೆಗೆದು ಬರಹದ ಜೊತೆ ಹಾಕಿದರು.

ಪಂಪಣ್ಣ ಕೋಣೆಗೆ ಬರುವಷ್ಟರಲ್ಲಿ ಗ್ರೂಪಿನ ತುಂಬ ಹೃದಯಗಳು. ಎಲ್ಲರೂ ಓದಿದ್ದರು. ಒಬ್ಬರೂ ಬಿಟ್ಟಿರಲಿಲ್ಲ. ದೊಡ್ಡ ಮನಸ್ಸು ಎಂದು ಒಬ್ಬರು, ತಪ್ಪು ಒಪ್ಪಿಕೊಳ್ಳುವವನೇ ಮನುಷ್ಯ ಎಂದು ಇನ್ನೊಬ್ಬರು. ಅವನ ಜೀವಮಾನದಲ್ಲಿ ಅವನ ಹೆಸರಿನಲ್ಲಿ ಹೋದ ಒಂದು ಮಾತನ್ನು ಇಷ್ಟು ಜನ ಓದಿದ್ದು ಇದೇ ಮೊದಲು. ಅವನು ಸ್ನಾನ ಮಾಡಿ, ಮಗಳ ಪಕ್ಕ ಗೋಡೆಗೊರಗಿ ಕೂತ. ಹೊಸ ನೀರು ಮೈಗೆ ತಂಪಾಗಿತ್ತು. ಸದ್ಯ ಉಳಿದೆ ಎಂದುಕೊಂಡ.

ಹೆಂಡತಿಯ ಫೋನು ಟಿಣ್ ಅಂದಿತು. ಅವಳು ಎಂದಿನಂತೆ ಜೋರಾಗಿ ಓದಿದಳು. "ತಪ್ಪದೆ ಓದಿ. ಈ ಫೋಟೋದಲ್ಲಿರುವ ಮನುಷ್ಯ ನೀರಿನ ಕೆಲಸದವನಂತೆ ಕಟ್ಟಡಗಳಿಗೆ ಸೇರಿಕೊಂಡು ಟ್ಯಾಂಕಿಗೆ ಹಸಿರು ವಿಷ ಬೆರೆಸುತ್ತಾನೆ. ಕೈ ಮುಗಿದು ತಪ್ಪು ಒಪ್ಪಿಕೊಂಡಿದ್ದಾನೆ. ಕಂಡರೆ ಹೊರಗೆ ಹಾಕಿ. ನಿಮ್ಮ ಪ್ರೀತಿಪಾತ್ರರಿಗೆ ಕಳಿಸಿ." ಕೆಳಗೆ ಅವಳ ಅಕ್ಕ ತನ್ನದೇ ಒಂದು ಸಾಲು ಸೇರಿಸಿದ್ದಳು: "ನೋಡೇ, ನಿಮ್ಮ ಯಜಮಾನರ ಹಾಗೇ ಇದಾನೆ. ಹುಷಾರಾಗಿರು."

ಹೆಂಡತಿ ಫೋಟೋ ನೋಡಿದಳು. ಗಂಡನನ್ನು ನೋಡಿದಳು. ಮತ್ತೆ ಫೋಟೋ ನೋಡಿದಳು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಮೇಡಂ ನಿಂತಿದ್ದರು, ಫೋನು ಎದೆಗೊತ್ತಿಕೊಂಡು. ಹಿಂದೆ ಮೆಟ್ಟಿಲ ಮೇಲೆ ಇಡೀ ಕಟ್ಟಡ ನಿಂತಿತ್ತು. ಯಾರ ಕಣ್ಣಿನಲ್ಲೂ ಕೋಪವಿರಲಿಲ್ಲ. ಬೆಳಿಗ್ಗೆ ಹಸಿರು ನೀರು ಸುರಿದಾಗ ಹೇಗೆ ನೋಡಿದ್ದರೋ ಹಾಗೆಯೇ ಅವನನ್ನು ನೋಡುತ್ತಿದ್ದರು.

"ನಾಳೆ ಬೆಳಿಗ್ಗೆಯೊಳಗೆ ಕೋಣೆ ಖಾಲಿ ಮಾಡ್ಬಿಡು ಪಂಪಣ್ಣ" ಎಂದರು ಮೇಡಂ, ಮೆಲ್ಲಗೆ.

"ಮೇಡಂ" ಎಂದ ಪಂಪಣ್ಣ. "ಆ ಫೋಟೋ ನೀವೇ ತೆಗೆದಿದ್ದು. ನಿಮ್ಮ ಮನೇಲಿ. ಈಗ ಸಂಜೆ."

"ಹೌದಪ್ಪ, ನಾನೇ ತೆಗೆದಿದ್ದು" ಎಂದರು ಮೇಡಂ. "ತೆಗೆಯೋವಾಗ ನನಗೂ ಗೊತ್ತಾಗ್ಲಿಲ್ಲ ನೋಡು, ನೀನು ಇಂಥೋನು ಅಂತ."